ತೊಟ್ಟಿಯ ಮದುವೆ

ಹಲಸಿನ ಮರ ಗುರುಸಿದ್ದಮ್ಮ ನೆಟ್ಟದ್ದು. ಹಳೇಕೋಟೆಯಲ್ಲಿ ಇದನ್ನು ಇಲ್ಲವೆನ್ನುವವರು ಯಾರೂ ಇರಲಿಲ್ಲ. ಆದರೆ ಅದು ನಿಂತಿದ್ದು ದಾಯಾದಿ ಪಂಚಾಕ್ಷರಯ್ಯನ ಜಮೀನಿನಲ್ಲಿ, ಗಡಿಯಿಂದ ಒಂದು ಹೆಜ್ಜೆ ಆಚೆ. ಇದನ್ನು ಇಲ್ಲವೆನ್ನುವವನು ಆಕೆಯ ಗಂಡ ರುದ್ರಯ್ಯ ಒಬ್ಬನೇ, ಅದೂ ಬಾಯಿಮಾತಿಗೆ. ಗಡಿಯ ಬಾಂದು ಕಲ್ಲು ಸರಿಯಾದ ಜಾಗದಲ್ಲೇ ಇದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ಉಂಡು ಆ ಮರದ ಕೆಳಗೆ ಮಲಗದಿದ್ದರೆ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಈಗ ಪಂಚಾಕ್ಷರಯ್ಯ ಅಲ್ಲಿ ಕೊಟ್ಟಿಗೆ ಕಟ್ಟುತ್ತಾನಂತೆ, ಮರ ಕುಯ್ಯಲು ಅರಕಲಗೂಡಿನಿಂದ ಆಳು ಕರೆಸುತ್ತಾನಂತೆ. ಶನಿವಾರ ಊರ ಹಿರಿಯ ಲಕ್ಕಯ್ಯನ ಮುಂದೆ ಎರಡು ಬಾಂದು ಕಲ್ಲುಗಳ ನಡುವೆ ಹಗ್ಗ ಎಳೆಯುವುದು, ಮರ ಹಗ್ಗದ ಯಾವ ಕಡೆಗೆ ಬಂತೋ ಆ ಕಡೆಯವರದು ಎಂದು ತೀರ್ಮಾನವಾಗಿತ್ತು.

"ಚಿಕ್ಕಪ್ಪನ್ನ ಒಂದ್ಮಾತು ಕೇಳಪ್ಪ, ಬುಟ್ಕೊಡ್ತಾರೆ" ಎಂದಳು ಮಗಳು ಮಾನ್ಯ.

"ನಾನು ಅವನ್ನ ಕೇಳೋದಾ? ಓಗ್ ಓಗು!"

ರುದ್ರಯ್ಯ ಯಾರನ್ನೂ ಏನನ್ನೂ ಕೇಳುವ ಜಾಯಮಾನದವನಲ್ಲ. ಒಮ್ಮೆ ಯಾವ ಊರಿನ ಬಸ್ಸೆಂದು ಕೇಳದೆ ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿಳಿದು, ಅಲ್ಲೇ ಏನೋ ಕೆಲಸವಿತ್ತೆಂದು ಹೇಳಿಕೊಂಡು ಸಂಜೆಗೆ ವಾಪಸಾಗಿದ್ದ. ದಾಯಾದಿಯ ಮುಂದೆ ಹಲ್ಲು ಗಿಂಜುವುದಕ್ಕಿಂತ ಮರದ ಪಕ್ಕದ ಕಲ್ಲನ್ನೇ ಎರಡು ಹೆಜ್ಜೆ ಆಚೆಗೆ ಸರಿಸುವುದು ಅವನಿಗೆ ಮರ್ಯಾದೆಯ ಕೆಲಸವಾಗಿ ಕಂಡಿತು.

ತೊಡಕು ಒಂದೇ. ಕಲ್ಲು ಸರಿದರೆ ಊರು ಮೊದಲು ನೋಡುವುದು ಅವನ ಮುಖವನ್ನೇ. ಹಾಗಾಗಿ ಕಲ್ಲು ಸರಿಯುವ ದಿನ ತಾನು ಏಳಲಾಗದೆ ಮಲಗಿರಬೇಕು, ಮಲಗಿರುವುದು ಊರಿಗೆಲ್ಲ ಗೊತ್ತಿರಬೇಕು. ಅವನ ಎರಡು ಕಣ್ಣಿಗೂ ಪೊರೆ ಬಂದು ವರ್ಷಗಳಾಗಿದ್ದವು. ಆಪರೇಷನ್ ಮಾಡಿಸಿಕೋ ಎಂದು ಮಾನ್ಯ ಗೋಗರೆದು ಗೋಗರೆದು ಸುಮ್ಮನಾಗಿದ್ದಳು. ಈಗ ಅವನಾಗಿಯೇ ಹಾಸನಕ್ಕೆ ಹೊರಟಾಗ ಆ ಹುಡುಗಿ ಸಂತೋಷದಿಂದ ಅತ್ತೇಬಿಟ್ಟಳು. ಅದೊಂದು ಅವನಿಗೆ ಸ್ವಲ್ಪ ಚುಚ್ಚಿತು.

ಕಣ್ಣಾಸ್ಪತ್ರೆಯಲ್ಲಿ ವಿವರ ಹೇಳಲು ಶಾಂತಿ ಎಂಬ ಹೆಣ್ಣುಮಗಳಿದ್ದಳು. "ಮಾಮೂಲಿ ಆಪರೇಷನ್‌ನಲ್ಲಿ ಡಾಕ್ಟ್ರು ಕೈಯಲ್ಲೇ ಸಣ್ಣದಾಗಿ ಕುಯ್ದು ಪೊರೆ ತೆಗೀತಾರೆ ಸಾ. ಲೇಸರ್‌ನಲ್ಲಿ ಕುಯ್ಯೋದು, ಪೊರೆ ಒಡೆಯೋದು ಮೆಷಿನ್ ಮಾಡುತ್ತೆ. ಲೆನ್ಸು ಎರಡರಲ್ಲೂ ಹಾಕ್ತೀವಿ, ಪಥ್ಯನೂ ಒಂದೇ. ಬಗ್ಗಬಾರ್ದು, ಭಾರ ಎತ್ತಬಾರ್ದು. ನಿಮ್ಮ ಕಣ್ಣಿಗೆ ಮಾಮೂಲಿದೇ ಸಾಕು."

"ಲೇಸರ್ರೇ ಇರ್ಲಿ" ಎಂದ ರುದ್ರಯ್ಯ.

"ಇನ್ನೇನಾದ್ರೂ ಕೇಳೋದಿದೆಯಾ ಸಾ?"

"ಏನೂ ಇಲ್ಲ."

ಅವನ ಲೆಕ್ಕಾಚಾರ ಶಾಂತಿಗೆ ತಿಳಿಯುವಂಥದ್ದಲ್ಲ. ಮಾಮೂಲಿ ಆಪರೇಷನ್ನು ಹಳೇಕೋಟೆಯ ಅರ್ಧ ಮುದುಕರಿಗೆ ಆಗಿತ್ತು. ಮಾಡಿಸಿಕೊಂಡವರು ಮಾರನೆಯ ದಿನವೇ ಟೀ ಅಂಗಡಿಯಲ್ಲಿ ಕೂತಿರುತ್ತಾರೆಂದು ಎಲ್ಲರಿಗೂ ಗೊತ್ತು. ಲೇಸರ್ ಮಾಡಿಸಿಕೊಂಡವನು ಊರಿಗೆ ಊರೇ ಹುಡುಕಿದರೂ ಒಬ್ಬನಿಲ್ಲ. ಅದರ ಬಗ್ಗೆ ಏನು ಹೇಳಿದರೂ ನಡೆಯುತ್ತಿತ್ತು. ಅವನು ಧಾರಾಳವಾಗಿ ಹೇಳಿದ. "ಕಣ್ಣೊಳಕ್ಕೆ ಬೆಳಕು ಬುಡ್ತಾರೆ ಕಣ್ಲಾ. ಆವತ್ತೆಲ್ಲ ಅಲ್ಲಾಡಂಗಿಲ್ಲ, ಅಲ್ಲಾಡಿದ್ರೆ ಕಣ್ಣೇ ಓಯ್ತದೆ!" ಟೀ ಅಂಗಡಿಯಲ್ಲಿ ಅಯ್ಯೋ ಪಾಪ ಎಂದರು.

ಉಳಿದದ್ದು ಸಣ್ಣಪುಟ್ಟ ಕೆಲಸ. ಹುಲ್ಲು ಕುಯ್ಯುವ ನೆಪದಲ್ಲಿ ಕಲ್ಲಿನ ಬುಡದ ಮಣ್ಣನ್ನು ದಿನಕ್ಕಿಷ್ಟು ಸಡಿಲ ಮಾಡಿಟ್ಟ. ಹೋದ ವರ್ಷವಷ್ಟೇ ಎರಡು ಕಲ್ಲಿಗೂ ಬಿಳಿ ಬಣ್ಣ ಬಳಿದಿದ್ದರು. ಹಾರೆ ತಗುಲಿದ ಕಡೆ ಕೆತ್ತಿಹೋದರೆ ಗುಟ್ಟು ರಟ್ಟಾಗುತ್ತದೆ. ಅಟ್ಟದ ಮೇಲೆ ಮನೆಗೆ ಬಳಿದು ಉಳಿದ ಎರಡು ಡಬ್ಬಿಗಳಿದ್ದವು. ಮುಚ್ಚಳ ತೆಗೆದು ನೋಡಿದ. ಒಂದು ಹಸಿರು, ಇನ್ನೊಂದು ಬಿಳಿ. ಇದನ್ನೂ ಯಾರನ್ನಾದರೂ ಕೇಳಬೇಕೇ? ಬ್ರಷ್ಷು, ಡಬ್ಬಿ ಹೊರಗೇಕೆ ಬಂದವೆಂದು ಮುಂದೆ ಪ್ರಶ್ನೆ ಏಳಬಾರದೆಂದು, ಅಂಗಳದಲ್ಲಿದ್ದ ಹಸುವಿನ ನೀರಿನ ತೊಟ್ಟಿಗೂ ಆ ಬಿಳಿಯನ್ನೇ ಮೊದಲೇ ಬಳಿದಿಟ್ಟ. ಇಷ್ಟು ದೂರ ಯೋಚಿಸುವ ತಲೆ ಪಂಚಾಕ್ಷರಯ್ಯನ ವಂಶದಲ್ಲೇ ಇಲ್ಲವೆಂದು ಅವನಿಗೆ ಹೆಮ್ಮೆಯಾಯಿತು. ಡೈರಿಯಿಂದ ಬಂದ ಮಾನ್ಯ ನೋಡಿ ನಕ್ಕಳು.

"ಏನಪ್ಪ, ತೊಟ್ಟಿಗೆ ಮದ್ವೆ ಮಾಡ್ತಿದ್ದೀಯಾ?"

"ಊ ಕಣವ್ವ, ಒಂದು ಗಂಡು ನೋಡು" ಎಂದು ಅವನೂ ನಕ್ಕ.

ಶುಕ್ರವಾರ ಬೆಳಿಗ್ಗೆ ಬಲಗಣ್ಣಿಗೆ ಲೇಸರ್ ಆಯಿತು. ಮಧ್ಯಾಹ್ನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬಂದ. ಕಾರಿನಿಂದ ಇಳಿಯುವಾಗ ನಾಲ್ಕು ಜನಕ್ಕೆ ಕೇಳುವ ಹಾಗೆ ನರಳಿದ. ಪಂಚಾಕ್ಷರಯ್ಯನ ಮನೆಯವರೆಲ್ಲ ಚನ್ನರಾಯಪಟ್ಟಣಕ್ಕೆ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಸಂಜೆ ಹಾಲು ಕರೆದು, ಅಪ್ಪನಿಗೆ ಹೊದಿಸಿ ಮಾನ್ಯ ಡೈರಿಗೆ ಹೊರಟಳು. ಅವಳು ಮರೆಯಾದ ಕೂಡಲೇ ಅವನು ಎದ್ದ.

ಶಾಂತಿ ಹೇಳಿದ ಪಥ್ಯವನ್ನು ಅವನು ಮೀರಲಿಲ್ಲ. ಬಗ್ಗಲಿಲ್ಲ, ಬೆನ್ನು ನೆಟ್ಟಗಿಟ್ಟು ಕುಕ್ಕರಗಾಲಲ್ಲಿ ಕೂತ. ಭಾರ ಎತ್ತಲಿಲ್ಲ, ಹಾರೆಯಿಂದ ಮೀಟಿ ಉರುಳಿಸಿದ. ಎರಡು ಹೆಜ್ಜೆ ಆಚೆ ಹೊಸ ಗುಣಿ ತೋಡಿ ಕಲ್ಲು ನಿಲ್ಲಿಸಿ, ಮಣ್ಣು ತುಳಿದು, ಹಳೆಯದನ್ನು ಮುಚ್ಚಿ, ಎರಡರ ಮೇಲೂ ತರಗೆಲೆ ಎಳೆದ. ಕೆತ್ತಿಹೋದ ಕಡೆ ಮಾತ್ರ ಬಳಿದರೆ ತೇಪೆ ಕಾಣುತ್ತದೆಂದು ಇಡೀ ಕಲ್ಲಿಗೇ ಬಳಿದ. ದೂರ ನಿಂತು ಎಡಗಣ್ಣಲ್ಲಿ ನೋಡಿದ. ಆ ತುದಿಯ ಕಲ್ಲು ಹೇಗೋ ಈ ತುದಿಯದೂ ಹಾಗೇ. ಹಲಸಿನ ಮರದ ಬೊಡ್ಡೆ ಸವರಿ, "ಇನ್ನು ನೀನು ನಮ್ಮವಳು ಕಣೇ" ಎಂದ. ಆ ಮಾತು ಮರಕ್ಕೋ ಹೆಂಡತಿಗೋ ಅವನಿಗೇ ತಿಳಿಯಲಿಲ್ಲ. ಬಂದು ಮಲಗಿಕೊಂಡ.

ಶನಿವಾರ ಹಾಸನದಲ್ಲಿ ಪಟ್ಟಿ ಬಿಚ್ಚಿದಾಗ ಡಾಕ್ಟರ ಕೋಟು ಹಾಲಿನಷ್ಟು ಬೆಳ್ಳಗೆ ಕಂಡಿತು. ಕಣ್ಣಿಗೆ ಹೊಳಪು ಬಂದಿದೆಯೆಂದುಕೊಂಡ. ಅವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಜೊತೆ ಹಳೇಕೋಟೆಗೆ ಬಂದರೆ, ಗಡಿಯಲ್ಲಿ ಹಗ್ಗ ಎಳೆದಾಗಿತ್ತು. ಮರ ಹಗ್ಗದಿಂದ ಅವನ ಕಡೆಗೇ ಬಂದಿತ್ತು. ಗರಗಸದವನು ಸುಮ್ಮನೆ ಕೂತಿದ್ದ.

"ಬಾ ರುದ್ರಣ್ಣ, ಕಲ್ಲನ್ನ ಯಾವನೋ ಕಿತ್ತು ನೆಟ್ಟವ್ನೆ" ಎಂದ ಪಂಚಾಕ್ಷರಯ್ಯ. "ನಿನ್ನ ಮ್ಯಾಲೆ ಅನುಮಾನ ಪಡಾನ ಅಂದ್ರೆ ನೀನು ಲೇಸರ್ ಆಗಿ ಮಲ್ಗಿದ್ದೆ."

"ಅಲ್ಲಾಡಂಗೇ ಇರ್ಲಿಲ್ಲ ಕಣಪ್ಪ" ಎಂದ ರುದ್ರಯ್ಯ ಸಂಕಟದಿಂದ. ಯಾಕೋ ಎಲ್ಲರೂ ಆ ಕಲ್ಲನ್ನೇ ನೋಡುತ್ತಿದ್ದರು. ಅವನೂ ನೋಡೋಣವೆಂದು ಕನ್ನಡಕ ತೆಗೆದ.

ಆ ತುದಿಯ ಕಲ್ಲು ಬೆಳ್ಳಗಿತ್ತು. ಈ ತುದಿಯದು ಅಪ್ಪಟ ನಿಂಬೆಹಣ್ಣಿನ ಹಳದಿ. ಅವನು ಎಡಗೈಯಿಂದ ಹೊಸ ಕಣ್ಣು ಮುಚ್ಚಿ, ಪೊರೆಯ ಕಣ್ಣಲ್ಲಿ ನೋಡಿದ. ಎರಡು ಕಲ್ಲೂ ಒಂದೇ ಬಣ್ಣವಾದವು. ಕೈ ತೆಗೆದ, ಮತ್ತೆ ಹಳದಿ. "ಅಯ್ಯೋ ಅಪ್ಪ," ಎಂದು ಪಕ್ಕದಲ್ಲಿ ಮಾನ್ಯ ನಕ್ಕೇಬಿಟ್ಟಳು, "ಇದು ನಾನು ದೇವ್ರ ಮನೆಗೆ ಅಂತ ತಂದಿದ್ದ ಅರಿಸ್ನದ ಬಣ್ಣ ಅಲ್ವಾ? ನೀನು ತೊಟ್ಟಿಗೆ ಬಳ್ದಿದ್ದು?" ಲಕ್ಕಯ್ಯ, ಪಂಚಾಕ್ಷರಯ್ಯ, ಗರಗಸದವನು ಎಲ್ಲರೂ ರುದ್ರಯ್ಯನ ಅಂಗಳದ ಕಡೆಗೆ ತಿರುಗಿದರು. ಅವನೂ ತಿರುಗಿದ. ತೊಟ್ಟಿ ಮದುವಣಗಿತ್ತಿಯ ಹಾಗೆ ಅರಿಸಿನ ಮೆತ್ತಿಕೊಂಡು ನಿಂತಿತ್ತು, ಮತ್ತು ಅಷ್ಟು ದೂರದಿಂದಲೂ ಅವನ ಬಲಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು.