ಉಂಡವರೆಲ್ಲ ಸಾಕ್ಷಿ

ಮೇ ಹನ್ನೆರಡು, ಶುಕ್ರವಾರ ಬೆಳಿಗ್ಗೆ ಪೋರ್ಟ್ ಮೊರೆಸ್ಬಿಯ ಠಾಣೆಗೆ ದೂರು ತಂದವರು ಮಾನವಶಾಸ್ತ್ರದ ಪ್ರಾಧ್ಯಾಪಕಿ ವೆರೊನಿಕಾ ಸಿಯುನೆ. ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಇಟ್ಟಿದ್ದ ವಸ್ತುಗಳ ಪೈಕಿ ನ್ಯೂ ಐರ್ಲೆಂಡ್ ದ್ವೀಪದ, ಮಲಗನ್ ಎಂಬ ಕೆತ್ತನೆ ರಾತ್ರಿ ಕಳೆಯುವಷ್ಟರಲ್ಲಿ ಕಾಣೆಯಾಗಿತ್ತು. ಆಳೆತ್ತರದ ಮರದ ಕಂಬ, ಹಸಿರು ಚಿಪ್ಪಿನ ಕಣ್ಣುಗಳು.

"ಬೀಗ ಒಡೆದಿತ್ತಾ?" ಇನ್ಸ್‌ಪೆಕ್ಟರ್ ಗವೇರಾ ಕೇಳಿದ.

"ಇಲ್ಲ."

"ಬೀಗದ ಕೈ ಯಾರ ಹತ್ರ ಇರುತ್ತೆ ಮೇಡಂ?"

"ಎಲ್ಲರ ಹತ್ರಾನೂ. ಹುಡುಗರು ಮುಟ್ಟಿ, ಎತ್ತಿ ನೋಡ್ಲಿ ಅಂತಾನೇ ಇಟ್ಟಿರೋದು. ಮುಟ್ಟದೆ ಈ ಪಾಠ ಕಲಿಯೋಕಾಗಲ್ಲ."

"ಯಾರೋ ಚೆನ್ನಾಗೇ ಕಲ್ತಿದ್ದಾರೆ ಬಿಡಿ."

ಎಫ್‌ಐಆರ್ ದಾಖಲಾಯಿತು. ಆ ವಸ್ತುಗಳಿದ್ದ ಕೋಣೆಯ ಕಾವಲಿಗೆ ಹೋದ ಕಾನ್‌ಸ್ಟೇಬಲ್ ಪೋಕಾನಾ ಸಂಜೆ ಬಾಳೆಲೆಯ ಪೊಟ್ಟಣ ಹಿಡಿದು ಬಂದ. ಒಳಗೆ ಹಂದಿಮಾಂಸ, ಕೆಸವಿನ ಗೆಡ್ಡೆ.

"ಹಾಸ್ಟೆಲ್ ಹಿಂದೆ ಗುಂಡಿ ತೋಡಿ ಬೇಯಿಸಿದ್ರು ಸಾರ್. ಮೇಡಂ ವಿಭಾಗದ ಬೊನಿಫಾಸ್ ಮೇಷ್ಟ್ರು ನಿಮಗೂ ಕೊಡಲೇಬೇಕು ಅಂದ್ರು."

ಬೆಳಗಿನಿಂದ ಹಸಿದಿದ್ದ ಗವೇರಾ ಹಿಂದೆ ಮುಂದೆ ನೋಡದೆ ತಿಂದ, ಬೆರಳೂ ನೆಕ್ಕಿದ.

ಆಮೇಲೆ ಶುರುವಾಯಿತು ಅಲೆದಾಟ. ಹಳೇ ಸಾಮಾನು ಕದ್ದು ಹೊರದೇಶಕ್ಕೆ ಮಾರುವವರ ಕೆಲಸವೆಂದು ಗವೇರಾ ಗಟ್ಟಿಯಾಗಿ ನಂಬಿದ್ದ. ವಿಮಾನ ನಿಲ್ದಾಣದ ಗೋದಾಮು, ಬಂದರು, ಕರಕುಶಲ ಸಂತೆ ಎಲ್ಲ ಜಾಲಾಡಿದ. ಜೀಪಿಗೆ ಡೀಸೆಲ್ ಇಲ್ಲದಾಗ ಬಸ್ಸಿನಲ್ಲಿ ಜೋತಾಡುತ್ತಾ ಹೋದ. ಸಿಕ್ಕಿದ್ದು ಸೊನ್ನೆ. ಮೇಲಧಿಕಾರಿ ದಿನಾ ಫೋನಿನಲ್ಲಿ ಉಗಿಯುತ್ತಿದ್ದರು. ಗವೇರಾನಿಗೆ ಕೇಸಿನ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

ಜೂನ್ ಮೊದಲ ವಾರ, ಬೇರೆ ದಾರಿಯೇ ಕಾಣದೆ, ವಿದ್ಯಾರ್ಥಿಗಳನ್ನು ಮತ್ತೆ ಒಬ್ಬೊಬ್ಬರಾಗಿ ಕರೆಸಿದ.

"ಆವತ್ತು ಏನಾದ್ರೂ ವಿಶೇಷ ಇತ್ತೇನಮ್ಮ?"

"ಏನಿಲ್ಲ ಸಾರ್. ಊಟ ಇತ್ತು ಅಷ್ಟೇ," ಎಂದಳು ಒಬ್ಬಳು.

"ಯಾಕೆ ಊಟ?"

"ಗೊತ್ತಿಲ್ಲ. ಆ ಕೆತ್ತನೆ ಮುಟ್ಟಿದವರು ಯಾರೂ ಉಣ್ಣದೆ ಹೋಗಬಾರದು ಅಂದ್ರು ಬೊನಿಫಾಸ್ ಮೇಷ್ಟ್ರು."

ಗವೇರಾ ಹಣೆ ಹಣೆ ಚಚ್ಚಿಕೊಂಡ. ಈ ನೆಲದಲ್ಲಿ ಸುಮ್ಮಸುಮ್ಮನೆ ಯಾರು ಹಂದಿ ಕಡಿಯುತ್ತಾರೆ? ಮದುವೆಯಾಗಿರಬೇಕು, ರಾಜಿಯಾಗಿರಬೇಕು, ಇಲ್ಲವೇ ಸಾವು. ಊಟ ಆ ಕೆತ್ತನೆಯ ಹೆಸರಲ್ಲೇ ಆಗಿದ್ದರೆ, ಕೆತ್ತನೆ ಆ ಗುಂಡಿ ದಾಟಿ ಹೋಗಿರಲಿಕ್ಕಿಲ್ಲ.

"ಇಷ್ಟು ದಿನ ಏನು ಮಣ್ಣು ತಿಂತಿದ್ನೋ ಪೋಕಾನಾ!"

"ಮಣ್ಣಲ್ಲ ಸಾರ್, ಹಂದಿ."

"ಮುಚ್ಚಯ್ಯ ಬಾಯಿ!"

ಹಾಸ್ಟೆಲ್ ಹಿಂದಿನ ಗುಂಡಿಯನ್ನು ಪಂಚರ ಸಮಕ್ಷಮ ಅಗೆಸಿದರು. ಬೂದಿಯ ನಡುವೆ ಬಿರುಕುಬಿಟ್ಟ ಒಂದು ಹಸಿರು ಚಿಪ್ಪಿನ ಕಣ್ಣು ಸಿಕ್ಕಿತು. ಪಂಚನಾಮೆ ಮುಗಿಸಿ, ಮಧ್ಯಾಹ್ನ ಸಹಾಯಕ ಉಪನ್ಯಾಸಕ ಬೊನಿಫಾಸ್ ಕಿಯಾಪಿನ್‌ನನ್ನು ಬಂಧಿಸಿದರು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಕದ್ದಿದ್ದು ನೀನಾ?"

"ಹೌದು ಸಾರ್. ಸುಟ್ಟಿದ್ದೂ ನಾನೇ. ಅದು ನಮ್ಮಜ್ಜನ ಸಾವಿಗೆ ಕೆತ್ತಿಸಿದ್ದು, ನಮ್ಮ ಕುಲದ ಗುರುತಿನ ಮೀನಿದೆ ಅದರಲ್ಲಿ. ಜನಕ್ಕೆ ತೋರಿಸಿ, ಊಟ ಹಾಕಿ, ಇಲ್ಲವಾಗಿಸಬೇಕು. ಊಟಕ್ಕೆ ಮೊದಲೇ ಯಾರೋ ಹೊತ್ಕೊಂಡು ಹೋಗಿ ಮಾರಿದ್ರು. ನಾನು ಅದರ ಪಕ್ಕದಲ್ಲೇ ನಿಂತು, 'ಇದನ್ನ ಉಳಿಸ್ಕೋಬಾರದು' ಅಂತ ಪ್ರತಿ ವರ್ಷ ಪಾಠ ಮಾಡ್ದೆ. ಹುಡುಗರು ಬರ್ಕೊಂಡು ಪಾಸಾದ್ರು."

"ನನ್ನ ಕೇಳಬಹುದಿತ್ತಲ್ಲ ಬೊನಿಫಾಸ್!" ಠಾಣೆಗೆ ಓಡಿಬಂದಿದ್ದ ವೆರೊನಿಕಾ ಕೂಗಿದರು.

"ಎಷ್ಟು ಸಲ ಕೇಳಿದೆ ಮೇಡಂ? ಪಾಠಕ್ಕೆ ಬೇಕು ಅಂದ್ರಿ."

ವೆರೊನಿಕಾ ಕೈಯಲ್ಲಿದ್ದ ದೂರಿನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿದರು.

"ಮಾರ್ಚಲ್ಲಿ ಅವ್ವ ತೀರ್ಕೊಂಡ್ಳು ಸಾರ್," ಬೊನಿಫಾಸ್ ಮುಂದುವರಿಸಿದ. "ಅಜ್ಜನ ಸಾವಿನ ಕೆಲಸ ಮುಗೀದೆ ಅವ್ವನ ಕೆಲಸ ಶುರು ಮಾಡೋ ಹಾಗಿಲ್ಲ, ಅಳೋ ಹಾಗೂ ಇಲ್ಲ ಅಂತಾರೆ ನಮ್ಮ ಹಿರೀಕರು. ಸುಟ್ಟೆ ಅಂತ ಹೇಳಿದ್ರೂ ನಂಬ್ತಿಲ್ಲ. ಕುಲದಾಚೆಯವರು, ಆ ಊಟ ಉಂಡವರೊಬ್ಬರು ಹೇಳ್ಬೇಕಂತೆ."

"ಹುಡುಗರ ಕೈಲಿ ಹೇಳಿಸೋದು ತಾನೇ?" ಗವೇರಾ ಕೇಳಿದ.

"ಯಾಕೆ ಉಂಡ್ರು ಅಂತ ಅವರಿಗೆ ಹೇಳಿದ್ರೆ, ಅವರನ್ನೂ ನೀವು ಒಳಗೆ ಹಾಕ್ತೀರಿ. ಉಂಡವರೆಲ್ಲ ಸಾಕ್ಷಿ ಸಾರ್. ನೀವೂ ಉಂಡಿದ್ದೀರಿ."

ಗವೇರಾ ಪೋಕಾನಾನ ಕಡೆ ನೋಡಿದ. ಪೋಕಾನಾ ಗೋಡೆ ನೋಡುತ್ತಿದ್ದ. ಇಂಥ ಹಾಳು ಕೇಸು ತನಗೇ ಗಂಟುಬೀಳಬೇಕಿತ್ತೇ ಎಂದು ಗವೇರಾನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಕೊನೆಗೆ ಬೊನಿಫಾಸ್ ಹೇಳಿದ ಅವನ ಊರಿನ ನಂಬರಿಗೆ ತಾನೇ ಫೋನು ಹಚ್ಚಿದ.

"ನಾನು ಪೊಲೀಸ್ ಇನ್ಸ್‌ಪೆಕ್ಟರ್ ಗವೇರಾ. ನಿಮ್ಮ ಹುಡುಗ ಲಾಕಪ್ಪಲ್ಲಿದ್ದಾನೆ. ಕೆತ್ತನೆ ಬೂದಿಯಾಗಿದೆ, ಕಣ್ಣಾರೆ ನೋಡಿದೆ. ಊಟಾನೂ ಆಯ್ತು. ನಾನೂ ಉಂಡೆ."

ಆ ಕಡೆ ಒಬ್ಬ ಮುದುಕಿಯ ದನಿ ಎದ್ದಿತು, ಹಿಂದೆಯೇ ಹಲವು ಹೆಂಗಸರ ದನಿ. ಮಾರ್ಚಿನಿಂದ ತಡೆದಿಟ್ಟಿದ್ದ ಅಳು. ಗವೇರಾ ಎದ್ದು ಹೋಗಿ, ಫೋನನ್ನು ಕಂಬಿಗಳ ನಡುವೆ ತೂರಿಸಿ ಬೊನಿಫಾಸ್‌ನ ಕೈಗೆ ಕೊಟ್ಟ.