ಸತ್ತಿದ್ರೆ ಕಿವಿ ತೋರ್ಸು!

ಶಟರ್ ಧಡಾರನೆ ಕೆಳಗೆ ಬಂತು!

ಬೂಟುಗಾಲು ಅಡ್ಡ ಕೊಟ್ಟೆ. ಕಬ್ಬಿಣದ ಅಂಚು ಬೆರಳುಗಳ ಮೇಲೆ ಕೂತಿತು. ಕಣ್ಣಲ್ಲಿ ಕಿಡಿ ಹಾರಿದವು...

"ಕಾಲ್ ತೆಗಿಯಲೇ! ಇಲ್ದಿದ್ರೆ ಕಟ್ ಆಗುತ್ತೆ!" ಒಳಗಿನಿಂದ ಅಂಗಡಿಯವನು ಅರಚಿದ.

"ಆಗ್ಲಿ ಬಿಡಲೇ! ಆಮೇಲೆ ನಿನ್ ಹತ್ರಾನೇ ಒಂದು ವೀಲ್‌ಚೇರ್ ತಗಂತೀನಿ!"

ಕೈಯಲ್ಲಿ ಜಾಕ್ ರಾಡ್ ಇತ್ತು. ಸಂದಿಗೆ ತೂರಿಸಿ ಮೀಟಿದೆ. ಶಟರ್ ಮೇಲೆ ಹೋಯಿತು. ಹರೀಶ್ ಕಂಡ. ಇಸ್ತ್ರಿ ಹಾಕಿದ ಶರ್ಟು, ಹಣೆಗೆ ಕುಂಕುಮ, ಕಿವಿಯಲ್ಲಿ ಬ್ಲೂಟೂತ್. ತಲೆಯ ಮೇಲೆ ದೊಡ್ಡ ಬೋರ್ಡು... ಅಂಗವಿಕಲರ ಸೇವೆಯೇ ನಮ್ಮ ಗುರಿ!

ಥೂ!

ನಾನು ಜುಂಜೇಶ್. ಚಿತ್ರದುರ್ಗದಲ್ಲಿ ಸೀಜಿಂಗ್ ಕೆಲಸ ಮಾಡುತ್ತೇನೆ. ಕಂತು ಕಟ್ಟದವರ ಬೈಕು, ಟ್ರ್ಯಾಕ್ಟರು ಎತ್ತಿಕೊಂಡು ಬರುತ್ತೇನೆ. ಬೈಗುಳ ನನಗೆ ಊಟದ ಜೊತೆಗಿನ ಉಪ್ಪಿನಕಾಯಿ ಇದ್ದಂತೆ. ಎಂಥೆಂಥ ಕಳ್ಳರನ್ನೋ ನೋಡಿದ್ದೇನೆ ಸ್ವಾಮಿ. ಆದರೆ ಕಾಲಿಲ್ಲದವರ ಕಾಲನ್ನೇ ನುಂಗುವವನನ್ನು ಅವತ್ತೇ ನೋಡಿದ್ದು.

ರಸ್ತೆಯಲ್ಲಿ ನನ್ನ ಪಿಕಪ್ ನಿಂತಿತ್ತು. ಮುಂದಿನ ಸೀಟಿನಲ್ಲಿ ಏಕಾಂತಮ್ಮ ಕೂತಿದ್ದಳು. ಹಿರಿಯೂರು ತಾಲೂಕಿನ ಯಲ್ಲದಕೆರೆ ಹತ್ತಿರದ ನಮ್ಮ ಹಟ್ಟಿಯವಳು. ನನಗಿಂತ ದೊಡ್ಡವಳು, ಏಕಾಂತಕ್ಕ ಅನ್ನುತ್ತೇನೆ. ಚಿಕ್ಕಂದಿನಲ್ಲೇ ಪೋಲಿಯೋ ಎರಡೂ ಕಾಲು ತಿಂದಿತ್ತು. ಹಟ್ಟಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಳಿಗ್ಗೆ, ಸಂಜೆ ಬ್ಯಾಟರಿ ವೀಲ್‌ಚೇರಿನಲ್ಲಿ ಜುಂಯ್ ಅಂತ ಹೋಗುತ್ತಿದ್ದಳು. ಯಾರ ಹಂಗೂ ಇರಲಿಲ್ಲ.

ಒಂದು ದಿನ ಚೇರಿನ ಸರ್ಕ್ಯೂಟ್ ಬೋರ್ಡು ಸುಟ್ಟುಹೋಯಿತು. ಕೊಂಡಲ್ಲೇ, ಹರೀಶನ ಅಂಗಡಿಗೇ ತಂದು ಬಿಟ್ಟಳು. "ಎರಡೇ ದಿನ ಅಮ್ಮಾ, ಕಂಪನಿಯಿಂದ ಬೋರ್ಡ್ ಬರ್ಬೇಕು" ಅಂದನಂತೆ. ಯುಗಾದಿಗೆ ಬಿಟ್ಟ ಚೇರು ಮಳೆಗಾಲ ಬಂದರೂ ಬರಲಿಲ್ಲ. ಮೊದಲು ಫೋನ್ ಬ್ಯುಸಿ. ಆಮೇಲೆ ಸ್ವಿಚ್ ಆಫ್. ಆಮೇಲೆ ಬ್ಲಾಕ್!

ಅಷ್ಟು ದಿನ ಯಾರದೋ ಬೈಕಿನ ಹಿಂದೆ ಮೂಟೆಯ ಹಾಗೆ ಕೂತು ಡೈರಿಗೆ ಹೋದಳು. ಒಮ್ಮೆ ಬಿದ್ದಳು. ಡೈರಿಯವರು ಕೊನೆಗೆ ಹೇಳಿಬಿಟ್ಟರು... ಸೋಮವಾರ ಯಾರ ಸಹಾಯವೂ ಇಲ್ಲದೆ ಬಂದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು.

ಅವತ್ತು ಶನಿವಾರ.

"ಚೇರ್ ಎಲ್ಲೈತೆ?" ಹರೀಶನ ಕಾಲರ್ ಹಿಡಿದೆ.

"ಯಾವ ಚೇರು? ರಸೀದಿ ಐತಾ?"

ಇರಲಿಲ್ಲ! ಅದೇ ನಮ್ಮವರು ಮಾಡುವ ತಪ್ಪು. ಕುರಿಯನ್ನು ಇನ್ನೊಬ್ಬರಿಗೆ ಸಾಕಲು ಪಾಲಿಗೆ ಬಿಡುವಾಗ ನಮ್ಮ ಹಟ್ಟಿಯಲ್ಲಿ ಯಾರೂ ಚೀಟಿ ಬರೆಸುವುದಿಲ್ಲ. ಮಾತು ಕೊಟ್ಟರೆ ಮುಗಿಯಿತು. ಚೇರನ್ನೂ ಹಾಗೇ ಬಿಟ್ಟು ಬಂದಿದ್ದಳು.

ಕಾಲರ್ ಇನ್ನೊಂದು ಸುತ್ತು ತಿರುವಿದೆ. ಅವನಿಗೆ ನೆನಪು ಬಂತು!

"ಓ... ಅದಾ? ಅದು ಸತ್ತೋಯ್ತು ಗುರು! ಬೋರ್ಡು, ಮೋಟ್ರು ಎಲ್ಲಾ ಹೋಗಿತ್ತು. ಹಿಂದೆ ಗುಜರಿಯಾಗಿ ಬಿದ್ದೈತೆ. ಬೇಕಾದ್ರೆ ಎತ್ಕಂಡೋಗು."

ಪಿಕಪ್ಪಿನಿಂದ ಏಕಾಂತಕ್ಕನ ದನಿ ಬಂತು.

"ಸತ್ತಿದ್ರೆ ಕಿವಿ ತೋರ್ಸು!"

ಹರೀಶ್ ನಕ್ಕ. "ಚೇರಿಗೆ ಕಿವಿನಾ ಅಮ್ಮಾ? ಬಾಲಾನೂ ಇತ್ತಾ?"

ನಾನು ನಗಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರ ಕುರಿಗೂ ಒಂದೊಂದು ಗುರುತು. ಕಿವಿಯ ಅಂಚಿಗೆ ಕಚ್ಚು ಹಾಕಿರುತ್ತಾರೆ. ಪಾಲಿಗೆ ಬಿಟ್ಟ ಕುರಿ ಸತ್ತರೆ, ಸಾಕಿದವನು ಆ ಕಿವಿ ತಂದು ತೋರಿಸಬೇಕು. ತೋರಿಸಿದರೆ ಸತ್ತಿದೆ. ತೋರಿಸದಿದ್ದರೆ... ಮಾರಿಕೊಂಡಿದ್ದಾನೆ! ಏಕಾಂತಕ್ಕ ತನ್ನ ಚೇರಿನಲ್ಲಿ ಕೈ ಊರುವ ಕೈಪಟ್ಟಿಯ ರಬ್ಬರಿಗೂ ತಮ್ಮ ಕುರಿಯ ಕಚ್ಚನ್ನೇ ಹಾಕಿಸಿದ್ದಳು.

ಹರೀಶನನ್ನು ಎಳೆದುಕೊಂಡೇ ಹಿಂದಿನ ಕೋಣೆಗೆ ಹೋದೆ. ಒಂದೇ ಒಂದು ಚೇರಿನ ಅಸ್ಥಿಪಂಜರ ಬಿದ್ದಿತ್ತು. ಬೋರ್ಡಿಲ್ಲ, ಬ್ಯಾಟರಿಯಿಲ್ಲ. ಮುಂದಿನ ಗಾಲಿ ಮುರಿದಿತ್ತು. ಕೈಪಟ್ಟಿ ಸವರಿ ನೋಡಿದೆ. ನುಣ್ಣಗಿತ್ತು.

"ಕಚ್ಚು ಇಲ್ಲಕ್ಕಾ!" ಕೂಗಿದೆ.

"ಹಂಗಾದ್ರೆ ನಂದಲ್ಲ ಅದು! ನಂದು ಬದುಕೈತೆ ಕಣಲೇ ಜುಂಜಾ! ಎಲ್ಲೋ ಮೇಯ್ತಾ ಐತೆ!"

ಕೂಗಲು ತಲೆ ತಿರುಗಿಸಿದ್ದೇ ತಪ್ಪಾಯಿತು. ಮೊಣಕೈ ನನ್ನ ಹೊಟ್ಟೆಗೆ ಬಿತ್ತು! ಹರೀಶ್ ಹಿಂಬಾಗಿಲಿನಿಂದ ಹಾರಿದ. ಸ್ಕೂಟರ್ ಹತ್ತಿದ.

ನಾನು ಕುಂಟುತ್ತಾ ಓಡಿ ಪಿಕಪ್ ಹತ್ತಿದೆ. ಹೊಳಲ್ಕೆರೆ ರಸ್ತೆಗೆ ನುಗ್ಗಿದೆವು. ಅವನು ಆಟೋಗಳ ಸಂದಿಯಲ್ಲಿ ನುಸುಳಿದ. ಹೂವಿನ ಗಾಡಿಗೆ ಹ್ಯಾಂಡಲ್ ತಾಗಿಸಿದ. ಕೆಎಸ್ಸಾರ್ಟಿಸಿ ಬಸ್ಸೊಂದು ನನ್ನ ಕನ್ನಡಿ ಮುರಿದುಕೊಂಡು ಹೋಯಿತು!

"ಎಡಕ್ಕೆ! ಎಡಕ್ಕೋದ ನೋಡು! ನೀನೇನು ಹಸೂ ಕಾಯಾಕೆ ಹೊಂಟಿದೀಯಾ? ಒತ್ತಲೇ!" ಏಕಾಂತಕ್ಕ ಡ್ಯಾಶ್‌ಬೋರ್ಡ್ ಗುದ್ದಿದಳು.

ಊರು ದಾಟಿ ಏರು ಬಂತು. ಸ್ಕೂಟರ್ ನಿಧಾನವಾಯಿತು... ಇನ್ನೂ ನಿಧಾನವಾಯಿತು... ನಿಂತೇಬಿಟ್ಟಿತು! ಅದೂ ಬ್ಯಾಟರಿ ಸ್ಕೂಟರ್. ಚಾರ್ಜ್ ಮುಗಿದಿತ್ತು.

ಪಿಕಪ್ಪನ್ನು ಅಡ್ಡ ನಿಲ್ಲಿಸಿ ಇಳಿದೆ. ಜಾಕ್ ರಾಡ್ ಭುಜದ ಮೇಲಿತ್ತು.

"ಕಂಪನಿಯಿಂದ ಚಾರ್ಜ್ ಬರ್ಬೇಕೇನಪ್ಪ?"

ಅವನು ರಸ್ತೆಯ ಮೇಲೇ ಕುಕ್ಕರುಗಾಲಲ್ಲಿ ಕೂತ. "ಹೊಳಲ್ಕೆರೆ ತಾವ ತಾಳ್ಯದಾಗೈತೆ ಅಣ್ಣಾ... ಕರಿಸಿದ್ದಪ್ಪ ಅಂತ... ಹೊಡೀಬ್ಯಾಡ..."

ಎರಡು ಏಟು ಬಿದ್ದವು. ಅದು ಮುರಿದ ಕನ್ನಡಿಯ ಲೆಕ್ಕಕ್ಕೆ. ಅಂಗಡಿಗೆ ವಾಪಸ್ ಹೋಗಿ, ಸಾಕ್ಷಿಗಿರಲಿ ಅಂತ ಅಸ್ಥಿಪಂಜರವನ್ನು ಪಿಕಪ್ಪಿಗೆ ಹಾಕಿಕೊಂಡೆ. ಹರೀಶನನ್ನು ನಮ್ಮಿಬ್ಬರ ನಡುವೆ ಕೂರಿಸಿದೆ. ಹೊಳಲ್ಕೆರೆ ಕಡೆ ಹೊರಟೆವು. ಏಕಾಂತಕ್ಕ ಆಗಾಗ ಅವನ ತೊಡೆ ಹಿಂಡುತ್ತಿದ್ದಳು. ಕುರಿ ಕೊಳ್ಳುವವರು ತೊಡೆ ಹಿಂಡಿ ಮಾಂಸ ನೋಡುತ್ತಾರಲ್ಲ... ಹಾಗೆ!

ತಾಳ್ಯದಲ್ಲಿ ಕರಿಸಿದ್ದಪ್ಪ ಮನೆ ಮುಂದೆಯೇ ಸಿಕ್ಕ. ಹುರಿಮೀಸೆಯ ಮುದುಕ. ಸಕ್ಕರೆ ಕಾಯಿಲೆಗೆ ಒಂದು ಕಾಲು ಕೊಟ್ಟಿದ್ದ. ಬ್ಯಾಟರಿ ಚೇರಿನಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ. ಚೇರಿಗೆ ಹೊಸ ಸೀಟು, ಹೊಸ ಸ್ಟಿಕ್ಕರ್ ಇತ್ತು.

ಕೈಪಟ್ಟಿ ಮುಟ್ಟಿದೆ. ಕಚ್ಚು ಬೆರಳಿಗೆ ಸಿಕ್ಕಿತು!

"ಕಳ್ ಮಾಲು! ಇಳಿಯಯ್ಯ ಕೆಳಗೆ!"

ಅಷ್ಟೇ... ಕುಡುಗೋಲು ನನ್ನ ಕತ್ತಿನ ಮೇಲೆ ಇತ್ತು! ತಣ್ಣಗೆ!

"ಯಾವನಲೇ ನೀನು? ಹಗಲೊತ್ತಲ್ಲೇ ದರೋಡೆಗೆ ಬಂದಿಯಾ?"

"ಕೈಪಟ್ಟೀಲಿ ನಮ್ಮ ಕುರಿ ಕಿವಿ ಕಚ್ಚು ಐತೆ. ಚೇರು ನಮ್ಮಕ್ಕಂದು."

"ಕಿವಿ ನಿಮ್ಮದಿರಬೋದು ಕಣಲೇ! ಕರುಳು ನಂದು!" ಮುದುಕ ಗುಡುಗಿದ. "ಬೋರ್ಡು ನಂದು, ಬ್ಯಾಟ್ರಿ ನಂದು! ಗಾಲಿ ಮುರೀತು ಅಂತ ಈ ಹರೀಶಂಗೆ ಕೊಟ್ಟಿದ್ದೆ. ರಿಪೇರಿ ಮಾಡಿದೀನಿ ಅಂತ ಇದನ್ನ ತಂದ್ಕೊಟ್ಟ. ದುಡ್ಡೂ ಇಸ್ಕಂಡ!"

ಹರೀಶ್ ಆಕಾಶ ನೋಡಿದ.

ನನಗೆ ಅರ್ಥವಾಯಿತು. ಏಕಾಂತಕ್ಕನ ಚೇರಿನ ಬೋರ್ಡು ಸುಟ್ಟುಹೋಗಿತ್ತು. ಮುದುಕನ ಚೇರಿನ ಗಾಲಿ ಮುರಿದಿತ್ತು, ಅಂಗಡಿಯ ಅಸ್ಥಿಪಂಜರ ಅದೇ. ಈ ಹಲ್ಕಾ ಯಾವುದನ್ನೂ ರಿಪೇರಿ ಮಾಡಿರಲಿಲ್ಲ! ಮುದುಕನ ಬೋರ್ಡು, ಬ್ಯಾಟರಿ ಕಿತ್ತು ಏಕಾಂತಕ್ಕನ ಚೇರಿಗೆ ತುಂಬಿದ್ದ. ಎರಡು ಸತ್ತ ಕುರಿಯಿಂದ ಒಂದು ಬದುಕಿದ ಕುರಿ ಹೊಲಿದಿದ್ದ. ಮೊದಲು ಬಂದು ಕೂಗಾಡಿದವನಿಗೆ ಅದನ್ನು ಕೊಟ್ಟು, ಕೂಗಾಡದವಳ ಫೋನ್ ಬ್ಲಾಕ್ ಮಾಡಿದ್ದ.

"ಚೇರು ನಿಂದಲ್ಲ ಅಂತ ನಿಂಗೆ ಗೊತ್ತಾಗ್ಲಿಲ್ವೇನಣ್ಣ?" ಏಕಾಂತಕ್ಕ ಪಿಕಪ್ಪಿನಿಂದ ಕೇಳಿದಳು.

"ಕುಂತ ದಿನಾನೇ ಗೊತ್ತಾತು. ಕುಂಡಿಗೆ ಕಣ್ಣು ಬೇಕೇನಮ್ಮಾ?"

"ಮತ್ತೆ ಯಾರದು ಅಂತ ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬರ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಇನ್ನೊಂದು ಸಲ ಥೂ! ಆದರೆ ಈ ಸಲ ಯಾರಿಗೆ ಉಗಿಯಬೇಕೋ ತಿಳಿಯಲಿಲ್ಲ.

ನಾನು ಮುದುಕನ ಮಣಿಕಟ್ಟು ಹಿಡಿದೆ. ತಿರುವಿದರೆ ಕುಡುಗೋಲು ಬೀಳುತ್ತಿತ್ತು. ಚೇರು ಎತ್ತಿ ಪಿಕಪ್ಪಿಗೆ ಹಾಕಲು ಇನ್ನೊಬ್ಬರು ಬೇಕಿಲ್ಲ, ನನಗೆ ಅಭ್ಯಾಸ.

"ಬಿಡು ಜುಂಜಾ." ಏಕಾಂತಕ್ಕನ ದನಿ ಗಡುಸಾಗಿತ್ತು. "ಅವನ ಕರುಳು ಅವನಿಗೇ ಇರ್ಲಿ. ಅವನನ್ನ ನೆಲಕ್ಕೆ ಕೆಡವಿ ನಾನು ಡೈರಿಗೆ ಹೋಗಲ್ಲ."

"ಸೋಮವಾರಕ್ಕೆ ಏನ್ ಮಾಡ್ತೀಯಕ್ಕಾ?"

ಅವಳು ಹರೀಶನ ಕಡೆ ನೋಡಿದಳು. ನಾನೂ ನೋಡಿದೆ. ಮುದುಕನೂ ಕುಡುಗೋಲನ್ನು ನನ್ನ ಕತ್ತಿನಿಂದ ತೆಗೆದು ಆ ಕಡೆ ತಿರುಗಿಸಿದ.

"ಇದೇ ಮಾಡೆಲ್ಲು... ಇನ್ನೊಂದು ಎಲ್ಲೈತಲೇ?" ನಾನೇ ಕೇಳಿದೆ.

ಹರೀಶ್ ಉಗುಳು ನುಂಗಿದ. "ಹೊಸದುರ್ಗದಾಗೆ... ನಮ್ಮನೇಲಿ... ನಮ್ಮಮ್ಮಂದು."

ಊರಿನ ವೆಲ್ಡಿಂಗ್ ಶಾಪಿನವನು ಅಸ್ಥಿಪಂಜರದ ಗಾಲಿಗೆ ಬೆಸುಗೆ ಹಾಕಿದ. ಹರೀಶ್ ಮುದುಕನ ಬೋರ್ಡು, ಬ್ಯಾಟರಿ ಬಿಚ್ಚಿ ಅದಕ್ಕೆ ಜೋಡಿಸಿದ. ಎಂಥ ಚುರುಕು ಕೈ ಅಂತೀರಿ! ನಾವು ಟೀ ಕುಡಿದು ಲೋಟ ಇಡುವಷ್ಟರಲ್ಲಿ ಚೇರು ಓಡಿತು. ಇಷ್ಟೇ ಕೆಲಸ ಸ್ವಾಮಿ! ಇಷ್ಟಕ್ಕೆ ಒಬ್ಬ ಹೆಂಗಸು ಬೈಕಿನಿಂದ ಬಿದ್ದಿದ್ದಳು!

ಏಕಾಂತಕ್ಕನ ಚೇರು, ಕರುಳಿಲ್ಲದೆ, ಪಿಕಪ್ ಹತ್ತಿತು.

ಹೊಸದುರ್ಗದ ಮನೆಗೆ ಹೊಸ ಬಣ್ಣ ಬಳಿದಿತ್ತು. ವರಾಂಡದಲ್ಲಿ ಹರೀಶನ ತಾಯಿ ಶಿವಗಂಗಮ್ಮ ಬ್ಯಾಟರಿ ಚೇರಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಚೇರು ಫಳಫಳ ಹೊಳೆಯುತ್ತಿತ್ತು. ಗಾಲಿಗೆ ಎಣ್ಣೆ ಕೂಡ ಬಿಟ್ಟಿದ್ದ, ಮಗ!

"ಯಾರ್ಲಾ ಇವ್ರು?"

"ಸರ್ವಿಸ್‌ನೋರು ಕಣಮ್ಮ," ಅಂದ ಹರೀಶ್. ತಾಯಿಯ ಮುಂದೆಯೂ ಸುಳ್ಳು!

ಮುದುಕಿ ಗೇಟಿನ ಕಡೆ ಕತ್ತು ಚಾಚಿದಳು. "ಆಯಮ್ಮನ್ನ ಯಾಕೆ ಗಾಡಿಯಾಗೇ ಬಿಟ್ಟೀರಿ? ಒಳಕ್ ಬರ್ರಿ, ಕುಂತ್ಕಳ್ರಿ."

"ಕಾಲಿಲ್ಲವ್ವ ನಂಗೆ," ಅಂದಳು ಏಕಾಂತಕ್ಕ.

"ನಂಗೇನು ಕುದುರೆ ಕಾಲೈತಾ? ಚೇರಿಲ್ವಾ ನಿಂಗೆ?"

"ಐತೆ. ಅದರ ಹೊಟ್ಟೇಲಿ ಏನೂ ಇಲ್ಲ. ನಿನ್ ಮಗನ ಅಂಗಡಿಗೆ ರಿಪೇರಿಗೆ ಬಿಟ್ಟಿದ್ದೆ."

ಕಡಲೆಕಾಯಿ ಸುಲಿಯುವ ಕೈ ನಿಂತಿತು.

ನಾನು ಜೀವನದಲ್ಲಿ ಅಳುವವರ ಮುಂದೆಯೇ ಟ್ರ್ಯಾಕ್ಟರ್ ಎಳೆದುಕೊಂಡು ಬಂದವನು. ಆ ಮುದುಕಿಯ ಚೇರಿಗೆ ಕೈ ಹಾಕಲು ಮಾತ್ರ ಆಗಲಿಲ್ಲ. ಹೇಗೋ ಹೇಳಿದೆ... ನಿಮ್ಮ ಚೇರಿನ ಬೋರ್ಡು, ಬ್ಯಾಟರಿ ಬೇಕು. ಹೊಸದು ಬರುವವರೆಗೆ ನಿಮಗೆ ಕಷ್ಟ.

"ನಂದ್ಯಾಕೆ ಕೊಡ್ಲಿ?" ಮುದುಕಿ ಸಿಡುಕಿದಳು. ಮಗನ ಕಡೆ ತಿರುಗಿದಳು. "ಆಯಮ್ಮಂಗೆ ಹೊಸದು ತರ್ಸಿಕೊಡಲಾ. ಎಷ್ಟ್ ದಿನಾಗುತ್ತೆ?"

"ಎರಡೇ ದಿನ ಅಮ್ಮಾ," ಹರೀಶನ ಬಾಯಿಂದ ತಾನಾಗಿ ಉದುರಿತು. "ಕಂಪನಿಯಿಂದ ಬೋರ್ಡ್ ಬರ್ಬೇಕು..."

ಪಿಕಪ್ಪಿನಲ್ಲಿ ಏಕಾಂತಕ್ಕ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯುಗಾದೀಲಿ ನಂಗೂ ಹಿಂಗೇ ಅಂದಿದ್ನವ್ವ! ಇದೇ ಮಾತು! ಇದೇ ರಾಗ!"

ಶಿವಗಂಗಮ್ಮ ತೊಡೆಯ ಮೇಲಿನ ಮೊರವನ್ನು ನೆಲಕ್ಕೆ ಇಟ್ಟಳು.

"ಬಿಚ್ಚು."

"ಅಮ್ಮಾ! ನೀನ್ ಹೆಂಗ್ ಓಡಾಡ್ತೀಯಾ?"

"ಎರಡೇ ದಿನ ತಾನೇ? ನೀನೇ ಹೊತ್ಕ. ಬಚ್ಚಲಿಗೆ ಹೊತ್ಕ, ಹಾಸಿಗೆಗೆ ಹೊತ್ಕ. ನನ್ನ ಹೊರೋ ಬೆನ್ನಿಗೆ ನೋವಾದ್ರೆ ಬೋರ್ಡು ಬೇಗ ಬರುತ್ತೆ. ಬಿಚ್ಚಲಾ ಅಂದೆ!"

ಬಿಚ್ಚಿದ. ಜೋಡಿಸಿದ. ಏಕಾಂತಕ್ಕನ ಚೇರು ಜುಂಯ್ ಅಂದಿತು. ಅವಳು ಗೇಟಿನ ಮುಂದೆ ಒಂದು ಸುತ್ತು ಹಾಕಿ, ಶಿವಗಂಗಮ್ಮನ ಕಡೆ ಕೈ ಮುಗಿದಳು. ಮುದುಕಿ ಮುಖ ತಿರುಗಿಸಿಕೊಂಡಳು.

ನಾವು ಹೊರಟಾಗ ಹರೀಶ್ ತಾಯಿಯನ್ನು ಬೆನ್ನಿಗೆ ಏರಿಸಿಕೊಳ್ಳುತ್ತಿದ್ದ. "ನೆಟ್ಟಗೆ ನಡಿಯಲಾ, ನಾಯಿ!" ಅನ್ನುವುದು ರಸ್ತೆವರೆಗೂ ಕೇಳಿಸಿತು.

ಸೋಮವಾರ ಬೆಳಿಗ್ಗೆ ನಾನೂ ಹಟ್ಟಿಯಲ್ಲೇ ಇದ್ದೆ. ಏಕಾಂತಕ್ಕ ಯಾರ ಬೆನ್ನೂ ಹತ್ತದೆ ಡೈರಿಗೆ ಬಂದಳು. ತನ್ನ ಮೇಜಿನ ಹಿಂದೆ ಚೇರು ನಿಲ್ಲಿಸಿದಳು. ಬೇರೆಯವರಿಗೆ ಅಂತ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕಾರ್ಯದರ್ಶಿ ಮೆಲ್ಲಗೆ ಪಕ್ಕಕ್ಕೆ ಎಳೆದ.

ಸಾಲಿನಲ್ಲಿ ಮೊದಲು ನಿಂತಿದ್ದವನು ನಮ್ಮಣ್ಣ ಓಬಯ್ಯ. ನಗುತ್ತಾ ಕ್ಯಾನ್ ಇಟ್ಟ. ಅವಳೂ ನಕ್ಕಳು. ಲ್ಯಾಕ್ಟೋಮೀಟರ್ ಇಳಿಬಿಟ್ಟಳು. ನಗು ನಿಂತಿತು.

"ನೀರೈತೆ ಓಬಣ್ಣ. ವಾಪಸ್ ತಗಂಡೋಗು."

ಇಡೀ ಸಾಲು ತಿರುಗಿ ನೋಡಿತು. ಹಿಂದೆ ನಿಂತಿದ್ದ ಇಬ್ಬರು ತಮ್ಮ ಕ್ಯಾನ್ ಎತ್ತಿಕೊಂಡು ಸದ್ದಿಲ್ಲದೆ ಮನೆ ಕಡೆ ಹೊರಟರು. ಅಣ್ಣ ಕೆಂಡದಂಥ ಕಣ್ಣು ಬಿಟ್ಟುಕೊಂಡು ನನ್ನ ಹತ್ತಿರ ಬಂದ.

"ಲೇ ಜುಂಜಾ... ಜಿಲ್ಲೆಯೆಲ್ಲಾ ಸುತ್ತಿ ಆ ಚೇರು ತಂದ್ಕೊಡಾಕೆ ನಿಂಗೇನು ಬಂದಿತ್ತಲೇ ರೋಗ?"