ಸಿಮೆಂಟ್ ಅಂಗಳದ ಮೂರು ಸಾವು

ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಮೂರನೆಯ ಕೋಳಿ ಸತ್ತು ಬಿದ್ದಿತ್ತು. ಹತ್ತು ದಿನದಲ್ಲಿ ಮೂರು. ನರ್ಸಮ್ಮ ಕೂಗಾಡಲಿಲ್ಲ. ಮೂವತ್ತು ವರ್ಷ ಆಸ್ಪತ್ರೆ ವಾರ್ಡುಗಳಲ್ಲಿ ದುಡಿದು ನಿವೃತ್ತರಾದವರು. ಕೈಗವಸು ಹಾಕಿಕೊಂಡು ಕೋಳಿಯನ್ನು ಚೀಲಕ್ಕೆ ತುಂಬಿದರು. ಸೀದಾ ಪೊಲೀಸ್ ಠಾಣೆಗೆ ನಡೆದರು.

"ವಿಷ ಹಾಕಿದ್ದಾನೆ. ಪಕ್ಕದ ಮನೆ ಗಾರೆ ಮೇಸ್ತ್ರಿ. ಬರ್ಕೊಳ್ಳಿ."

ಠಾಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಸ್‌ಐ ಮೇಡಂ ನಗಲಿಲ್ಲ. ಕೋಳಿಯನ್ನು ಹೂತರೆ ಮುಗಿಯಿತು, ಒಬ್ಬನ ಮೇಲೆ ಹೊರಿಸಿದ ಆರೋಪ ಹಾಗೆ ಮಣ್ಣಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ನೋಡಿದವರು ಇದ್ದಾರಾ?"

"ನೋಡೋದೇನು? 'ಕತ್ತು ಮುರೀತೀನಿ' ಅಂತ ಅವನು ಅಂದಿದ್ದನ್ನ ಇಡೀ ಬೀದಿ ಕೇಳಿದೆ. ನಾನೂ ಮೊದಲ ದಿನವೇ ಇಡೀ ಬೀದಿಗೆ ಹೇಳಿದ್ದೀನಿ, ಇವನದೇ ಕೆಲಸ ಅಂತ."

* * *

ಹಗಲು ಹನ್ನೊಂದು ಗಂಟೆ. ಮೇಸ್ತ್ರಿ ಮನೆಯಲ್ಲೇ ಇದ್ದ. ಕರಣೆ, ಮಟ್ಟಗೋಲು ಮೂಲೆಯಲ್ಲಿ ಒಣಗಿ ಕೂತಿದ್ದವು. ಹೊರಗೆ ಅರ್ಧ ಲಾರಿಯಷ್ಟು ಮರಳ ರಾಶಿ.

"ಕತ್ತು ಮುರೀತೀನಿ ಅಂದಿದ್ದು ನಿಜಾನಾ?"

"ನಿಜ ಮೇಡಂ. ಬಾಯಿ ತುಂಬಾ ಅಂದಿದ್ದೀನಿ. ಅವರದ್ದೊಂದು ಕೋಳಿ ಇದೆ, ಬಜಾರಿ ಅಂತ ಅವರೇ ಕರೀತಾರೆ. ದಿನಾ ಗೋಡೆ ಹಾರಿ ಬರುತ್ತೆ. ಸೋಸಿಟ್ಟ ಮರಳೆಲ್ಲ ಕೆದಕಿ ಹಾಕುತ್ತೆ. ಬಯ್ಯದೆ ಆರತಿ ಎತ್ತಲಾ?"

ಕಪಾಟಿನ ಮೇಲೆ ಇಲಿ ಪಾಷಾಣದ ಪೊಟ್ಟಣವಿತ್ತು. ಬಾಯಿ ಹರಿದಿತ್ತು, ಅರ್ಧ ಖಾಲಿ. ಮೇಡಂ ಅದನ್ನೇ ನೋಡಿದರು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಇಲಿಗೆ ಇಟ್ಟಿದ್ದು, ಮನೆ ಒಳಗೆ. ಮೂಲೆ ಮನೆಯವರು ಅಡುಗೆಮನೆ ಟೈಲ್ಸ್ ಕೆಲಸ ಕೊಟ್ಟಿದ್ರು. ಈಗ ಬೇಡ ಅಂದ್ರು. ವಿಷ ಹಾಕೋನ್ನ ಅಡುಗೆಮನೆಗೆ ಯಾರು ಬಿಟ್ಕೋತಾರೆ? ಇನ್ನೂ ಇಬ್ಬರು ಹಾಗೇ ಅಂದ್ರು. ನನ್ನ ಹೊಟ್ಟೆಪಾಡು ಹೋಯ್ತು ಮೇಡಂ."

ಮೇಡಂ ಪೊಟ್ಟಣವನ್ನು ಕವರಿನಲ್ಲಿ ಹಾಕಿಕೊಂಡು ಹೊರಟರು.

* * *

ಪಶು ಆಸ್ಪತ್ರೆಯ ಡಾಕ್ಟರು ಠಾಣೆಯಿಂದ ಕಳಿಸಿದ್ದ ಕೋಳಿಯನ್ನು ಕೊಯ್ದು ಮೇಜಿನ ಮೇಲಿಟ್ಟಿದ್ದರು.

"ಈ ಪಾಷಾಣ ತಿಂದಿದ್ರೆ ಒಳಗೆ ರಕ್ತ ಸೋರಿರಬೇಕಿತ್ತು. ಒಂದು ಹನಿಯೂ ಇಲ್ಲ. ಇಲ್ನೋಡಿ, ಕೊರಳ ಚೀಲ."

ಮುಷ್ಟಿ ಗಾತ್ರದ ಗಡ್ಡೆ. ಹುಲ್ಲು ಮತ್ತು ಗೋಧಿ ಗಂಟು ಕಟ್ಟಿ ಹುಳಿ ವಾಸನೆ ಹೊಡೆಯುತ್ತಿತ್ತು.

"ತಿಂದಿದ್ದು ಕೆಳಗೆ ಇಳಿದೇ ಇಲ್ಲ. ಕೊರಳವರೆಗೆ ಊಟ ಇಟ್ಕೊಂಡು ಹಸಿವಿನಿಂದ ಸತ್ತಿದೆ, ಪಾಪ. ಇನ್ನು ಇದು, ಅದರ ಕೆಳಗಿನ ಕಾಳು ಅರೆಯೋ ಭಾಗ. ತೊಳೆದಿಟ್ಟ ಹಾಗಿದೆ."

"ಇದರೊಳಗೆ ಏನಿರಬೇಕಿತ್ತು?"

ಡಾಕ್ಟರು ಹೇಳಿದರು. ಮೇಡಂ ಟೋಪಿ ಎತ್ತಿಕೊಂಡರು.

* * *

ನರ್ಸಮ್ಮನ ಹಿತ್ತಲ ಅಂಗಳ ಆಪರೇಷನ್ ಕೋಣೆಯಷ್ಟು ಚೊಕ್ಕ. ಗೋಡೆಯಿಂದ ಗೋಡೆಗೆ ಸಿಮೆಂಟು, ಅದರ ಮೇಲೆ ಫಿನಾಯಿಲ್ ಘಾಟು. ಐದು ಕೋಳಿಗಳು ರೆಕ್ಕೆ ಇಳಿಬಿಟ್ಟು ಮುದುಡಿ ಕೂತಿದ್ದವು. ನೀರಾದ ಹಿಕ್ಕೆಯಲ್ಲಿ ಗೋಧಿ ಕಾಳುಗಳು ಇಡಿಯಾಗಿಯೇ ಹೊರಬಿದ್ದಿದ್ದವು. ಗೋಡೆಯ ಮೇಲೆ ಮಾತ್ರ ಆರನೆಯದೊಂದು, ಕೆಂಪು ಜುಟ್ಟು, ಭರ್ಜರಿ ಮೈ. ಅದೇ ಬಜಾರಿ.

ನರ್ಸಮ್ಮನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ನನ್ನ ಕೇಳ್ಬೇಡಿ ಮೇಡಂ. ನಾನು ಮೊಟ್ಟೆಗೆ ಮಾತ್ರ ನೆಂಟ."

ನರ್ಸಮ್ಮ ಕನ್ನಡಕ ಏರಿಸಿ ತಟ್ಟೆಯಲ್ಲಿ ಗೋಧಿ ಆರಿಸುತ್ತಿದ್ದರು.

"ಅಂಗಳಕ್ಕೆ ಸಿಮೆಂಟ್ ಯಾವಾಗ ಹಾಕಿಸಿದ್ರಿ?"

"ಮೂರು ತಿಂಗಳಾಯ್ತು. ಮಣ್ಣಲ್ಲಿ ಹುಳ. ಕೋಳಿಗಳಿಗೆ ಭೇದಿ ಆಗ್ತಿತ್ತು. ಹಾಕಿದ್ದೂ ಅದೇ ಮೇಸ್ತ್ರಿ."

"ಆಗಿಂದ ಹೊರಗೆ ಬಿಟ್ಟಿಲ್ಲ?"

"ಇಲ್ಲ. ಬಜಾರಿ ಒಬ್ಬಳೇ ಹಾರಿ ಹೋಗ್ತಾಳೆ. ಹುಲ್ಲು, ಗೋಧಿ ನಾನೇ ಹಾಕ್ತೀನಿ. ಕೂತು ಕಲ್ಲು ಆರಿಸ್ತೀನಿ. ಒಂದು ಹರಳೂ ಬಿಡಲ್ಲ."

ಆ ಮಾತಿನಲ್ಲಿ ಹೆಮ್ಮೆಯಿತ್ತು. ಮೇಡಂಗೆ ಮುಂದಿನದನ್ನು ಹೇಳಲು ನಿಜಕ್ಕೂ ಸಂಕಟವಾಯಿತು. ಆದರೂ ಹೇಳಿದರು.

"ಬಜಾರಿ ದಿನಾ ಮೇಸ್ತ್ರಿ ಮನೇಲಿ ಮೇಯ್ತಾಳೆ. ವಿಷ ಅಲ್ಲಿದ್ದಿದ್ರೆ ಮೊದಲು ಸಾಯ್ಬೇಕಾದವಳು ಯಾರು?"

ನರ್ಸಮ್ಮ ಗೋಡೆಯತ್ತ ನೋಡಿದರು.

"ಗಟ್ಟಿಮುಟ್ಟಾಗಿರೋಳು ಅವಳೊಬ್ಬಳೇ. ಅವಳಿಗೆ ಸಿಕ್ಕಿ ಉಳಿದವಕ್ಕೆ ಸಿಗದೇ ಇದ್ದಿದ್ದು ಒಂದೇ, ಮರಳಲ್ಲಿರೋ ಸಣ್ಣ ಕಲ್ಲು. ಕೋಳಿಗೆ ಹಲ್ಲಿಲ್ಲ ಅಮ್ಮ. ಕಲ್ಲು ನುಂಗಿ ಅದರಲ್ಲೇ ಕಾಳು ಅರೀತವೆ. ನೆಲದ ಕಲ್ಲನ್ನ ಸಿಮೆಂಟ್ ಮುಚ್ಚಿತು. ಕಾಳಲ್ಲಿದ್ದ ಕಲ್ಲನ್ನ ನೀವು ತೆಗೆದ್ರಿ. ಹಳೇ ಕಲ್ಲು ಸವೆಯೋವರೆಗೆ ಬದುಕಿದ್ವು. ಆಮೇಲೆ ತಿಂದಿದ್ದೆಲ್ಲ ಕೊರಳಲ್ಲೇ ಕೊಳೀತು."

ನರ್ಸಮ್ಮ ಗೋಧಿಯ ತಟ್ಟೆ ಕೆಳಗಿಟ್ಟರು. "ನನ್ನ ಕೈಯಾರೆ," ಎಂದರು. ಕಣ್ಣು ತುಂಬಿತ್ತು.

"ಉಳಿದವನ್ನ ಈಗಲೇ ಡಾಕ್ಟರ ಹತ್ರ ಕಳಿಸಿ. ಬದುಕಬಹುದು ಅಂದಿದ್ದಾರೆ."

ಯಜಮಾನರು ಪೇಪರು ಮಡಚಿಟ್ಟು, ಮೊದಲ ಸಲ ಒಂದು ಕೋಳಿಯನ್ನು ಕೈಯಲ್ಲಿ ಎತ್ತಿಕೊಂಡರು.

"ದೂರು ವಾಪಸ್ ತಗೋತೀನಿ," ಎಂದರು ನರ್ಸಮ್ಮ.

"ತಗೊಳ್ಳಿ. ಅದು ಕಾಗದ, ಹರಿದು ಹಾಕ್ತೀನಿ. ಬೀದಿಗೆ ನೀವು ಹೇಳಿದ್ದು ಬಾಯಲ್ಲಿ."

ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮೂಲೆ ಮನೆಯಾಕೆ ಬಾಗಿಲು ತೆಗೆದಳು.

"ನನ್ನ ಕೋಳಿಗಳನ್ನ ಕೊಂದಿದ್ದು ನಾನೇ ಕಣಮ್ಮ. ಮೇಸ್ತ್ರಿ ಅಲ್ಲ. ಅವರ ಕೆಲಸ ಅವರಿಗೇ ಕೊಡು."

ಆಕೆ ಕಕ್ಕಾಬಿಕ್ಕಿಯಾಗಿ ಹಿಂದೆ ತಿರುಗಿ ನೋಡಿದಳು. ಅಡುಗೆಮನೆಯಿಂದ ಟೈಲ್ಸ್ ಕತ್ತರಿಸುವ ಸದ್ದು ಕರ್ರೆಂದು ಬರುತ್ತಿತ್ತು.

"ಅಯ್ಯೋ, ಬೆಳಗ್ಗೆನೇ ಬೇರೆಯವರನ್ನ ಕರೆಸಿಬಿಟ್ವಲ್ಲ ನರ್ಸಮ್ಮ."

ಆ ಬೀದಿಯಲ್ಲಿ ಇನ್ನೂ ಇಪ್ಪತ್ತೊಂದು ಮನೆಗಳಿದ್ದವು. ನರ್ಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಬಾಗಿಲು ತಟ್ಟಿದರು.